ಹೆಬ್ಬೆರಳಿಗಿಂತ ಮೊದಲು

ಟಿ.ವಿ.ಗಳು ಗೋಡೆಯಷ್ಟಗಲ ಬೆಳೆದು, ನಾಯಕಿಯ ಮೂಗುತಿಯ ಹರಳಿನಲ್ಲಿ ಕ್ಯಾಮೆರಾದವನ ಮುಖ ಕಾಣುವಷ್ಟು ಸ್ಪಷ್ಟವಾದ ಕಾಲವದು. ಹುಬ್ಬಳ್ಳಿಯ ದರ್ಪಣ ಟೆಲಿವಿಷನ್ ಕಾರ್ಖಾನೆಯ ಅಂಗಳಕ್ಕೆ ಒಂದು ಬೆಳಿಗ್ಗೆ ಟಂಟಂ ಗಾಡಿಯೊಂದು ಬಂದು ನಿಂತಿತು. ಅದರಲ್ಲಿ ಹಗ್ಗ ಬಿಗಿದ 'ದಿವ್ಯದೃಷ್ಟಿ' ಟಿ.ವಿ. ಒಂದಿತ್ತು. ಅದನ್ನು ತಬ್ಬಿ ಹಿಡಿದುಕೊಂಡು, ಪೇಟೆಯಲ್ಲಿ ವಿಡಿಯೋ ಗೇಮ್ ಅಂಗಡಿ ನಡೆಸುವ ಮೆಹಬೂಬಸಾಬ ಕೂತಿದ್ದ. ಆ ತಿಂಗಳಲ್ಲಿ ಹೀಗೆ ವಾಪಸ್ ಬಂದ ಟಿ.ವಿ.ಗಳಿಗೆ ಗೋದಾಮಿನಲ್ಲಿ ಜಾಗ ಸಾಲದೆ ಕೆಲವನ್ನು ಕ್ಯಾಂಟೀನಿನ ಗೋಡೆಗೆ ಒರಗಿಸಿ ಇಟ್ಟಿದ್ದರು.

ಚಿತ್ರ ವಿಭಾಗದ ಮುಖ್ಯ ಎಂಜಿನಿಯರ್ ನೀಲಾಂಬಿಕಾ ಹೊರಗೆ ಬಂದಳು.

"ಅಕ್ಕಾರ, ನಿಮ್ಮ ಟಿ.ವಿ. ಭಾಳ ಶಾಣ್ಯಾ ಐತ್ರಿ," ಎಂದ ಮೆಹಬೂಬಸಾಬ. "ನಾ ಬಟನ್ ಒತ್ತತೇನಿ. ಅದು ವಿಚಾರ ಮಾಡತೈತಿ. ವಿಚಾರ ಮಾಡಿ ಬ್ಯಾಟ್ ಬೀಸೂದ್ರಾಗ ವಿಕೆಟ್ ಕೀಪರ್ ಬಾಲ್ ಹಿಡದು ಕೈ ಒರಸ್ಕೊಂಡು ನಿಂತಿರ್ತಾನ. ಗಿರಾಕಿಗೋಳು ನನಗ ಬೈತಾರ. ನಾ ಯಾರಿಗೆ ಬೈಲಿ?"

"ನನಗ ಬೈರಿ," ಎಂದಳು ನೀಲಾಂಬಿಕಾ. ಬೈಸಿಕೊಂಡು ಅವಳಿಗೆ ರೂಢಿಯಾಗಿತ್ತು.

ರೋಗ ಏನೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ದಿವ್ಯದೃಷ್ಟಿ ತನಗೆ ಬಂದ ಚಿತ್ರವನ್ನು ಹಾಗೇ ಪರದೆಗೆ ಬಿಡುತ್ತಿರಲಿಲ್ಲ. ಮೊದಲು ಅದರ ಕಲೆ ಒರೆಸಬೇಕು, ಬಣ್ಣ ಹಚ್ಚಬೇಕು, ಅಂಚು ತೀಡಬೇಕು, ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರವೊಂದನ್ನು ತಾನೇ ಊಹಿಸಿ ಸೇರಿಸಬೇಕು. ಸಿನಿಮಾ ನೋಡುವವರಿಗೆ ಇದರಿಂದ ನಷ್ಟವಿಲ್ಲ. ಆದರೆ ಆಟ ಆಡುವವನು ಬಟನ್ ಒತ್ತಿ ಕಾಯುತ್ತಿರುತ್ತಾನೆ, ಒಳಗೆ ಶೃಂಗಾರ ನಡೆಯುತ್ತಲೇ ಇರುತ್ತದೆ. ತಡ ಎಷ್ಟು? ರೆಪ್ಪೆ ಬಡಿಯುವುದರಲ್ಲಿ ಅರ್ಧ. ಆ ಅರ್ಧ ರೆಪ್ಪೆಯಲ್ಲಿ ಊರಿನ ಅರ್ಧ ಜನ ಔಟಾಗುತ್ತಿದ್ದರು.

ಆಟ ಆಡುವಾಗ ಈ ಶೃಂಗಾರವನ್ನೆಲ್ಲ ನಿಲ್ಲಿಸುವ ಒಂದು ಬಟನ್ ಕೊಟ್ಟುಬಿಡೋಣ ಎಂದು ಅವಳು ಮಾಲೀಕ ತೋಟಪ್ಪ ಸಾಹುಕಾರರಿಗೆ ಯಾವಾಗಲೋ ಹೇಳಿದ್ದಳು.

"ಅಂದ್ರ ಚಿತ್ರ ಮಬ್ಬ ಆಗತೈತೇನವಾ?" ಎಂದು ಅವರು ಕೇಳಿದ್ದರು.

"ಸ್ವಲ್ಪ ಆಗತೈತ್ರಿ."

"ಹಂಗಾರ ಬ್ಯಾಡ. ನಮ್ಮ ಟಿ.ವಿ. ಅಂದ್ರ ಕನ್ನಡಿ. ಮಬ್ಬ ಕನ್ನಡಿ ಮಾರೂದಾದ್ರ ನಾ ಅಡಿಕಿ ಅಂಗಡಿ ಇಟ್ಕೊಂಡು ಕುಂದರತಿದ್ದೆ. ಚಿತ್ರಾನೂ ಹಿಂಗ ಇರಬೇಕು, ತಡಾನೂ ಹೋಗಬೇಕು. ಚಿಕ್ಕೋಡಿ ಅಪ್ಪಾಸಾಹೇಬ್ರು ಬರೂದ್ರಾಗ ಏನರ ಮಾಡು."

ಅಪ್ಪಾಸಾಹೇಬರ ಅಂಗಡಿಗಳು ಊರೂರಲ್ಲಿ ಇದ್ದವು. ಅವರು ಈ ಸಲ ಟಿ.ವಿ. ಬೇಡ ಅಂದರೆ ಕಾರ್ಖಾನೆಯ ಎರಡನೇ ಪಾಳಿಯ ಜನರೆಲ್ಲ ಮನೆಗೆ ಹೋಗಬೇಕಾಗುತ್ತಿತ್ತು. ಆ ಪಾಳಿಯ ಹೆಣ್ಣುಮಕ್ಕಳು ದಿನಾ ಗೇಟಿನ ಹತ್ತಿರ ನೀಲಾಂಬಿಕಾಳ ಮುಖವನ್ನೇ ನೋಡುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಅದು ಮೆಹಬೂಬಸಾಬನ ಬೈಗುಳಕ್ಕಿಂತ ಕಷ್ಟವಾಗಿತ್ತು.

ಮನೆಯಲ್ಲಾದರೂ ನೆಮ್ಮದಿ ಉಂಟೆ? ಅಲ್ಲಿಯೂ ಒಂದು ದಿವ್ಯದೃಷ್ಟಿ ಇತ್ತು. ಮೊಣಕಾಲು ಆಪರೇಷನ್ ಮಾಡಿಸಿಕೊಂಡ ತಾಯಿ ಬಸಲಿಂಗವ್ವ ಮಗಳ ಮನೆಯಲ್ಲಿ ವಿಶ್ರಾಂತಿಗೆ ಬಂದಿದ್ದಳು. ಹೊತ್ತು ಹೋಗಲಿ ಎಂದು ಅಳಿಯ ಗುರುಸಿದ್ದ ಆಕೆಗೆ ಕ್ರಿಕೆಟ್ ಗೇಮ್ ಕಲಿಸಿದ. ಕಲಿಸಿದ ವಾರದಿಂದಲೇ ದಿನಾ ಆಕೆಗೆ ಸೋಲುತ್ತಿದ್ದ.

ಗುರುಸಿದ್ದ ಒಂದು ಕಲ್ಯಾಣಮಂಟಪದ ಮ್ಯಾನೇಜರ್. ಬೀಗರ ನಡುವೆ ಜಗಳ ಹತ್ತಿದಾಗ ನಗುತ್ತ ನಿಲ್ಲುವುದು, ಉಪ್ಪಿಲ್ಲದ ಸಾರಿಗೆ ಬೈದವರಿಗೆ ಕೈಮುಗಿಯುವುದು ಅವನ ವೃತ್ತಿ. ಅಂಥವನು ಅತ್ತೆಯ ಮೇಲೆ ಸಿಟ್ಟಾಗುವುದು ಸಾಧ್ಯವೇ ಇರಲಿಲ್ಲ. ಬಸಲಿಂಗವ್ವ ಅದನ್ನು ಚೆನ್ನಾಗಿ ಬಲ್ಲವಳು. ಚೆಂಡು ಹಾಕಿ, ಅದು ಇನ್ನೇನು ಬ್ಯಾಟಿನ ಹತ್ತಿರ ಬಂತು ಅನ್ನುವಾಗ, "ಅಳಿಯಾರ, ಚಾ ಮಾಡ್ಲೇನ್ರಿ?" ಅನ್ನುತ್ತಿದ್ದಳು.

"ಬ್ಯಾಡ್ರಿ ಅತ್ತಿಯಾರ," ಎಂದು ತಿರುಗಿ ಹೇಳುವಷ್ಟರಲ್ಲಿ ಸ್ಟಂಪ್ ಹಾರಿರುತ್ತಿತ್ತು.

ಸೋತ ಸಿಟ್ಟೆಲ್ಲ ಹೆಂಡತಿಯ ಕಡೆಗೆ ಹೊರಳುತ್ತಿತ್ತು. "ನೀಲಾ, ನಿನ್ನ ಟಿ.ವಿ. ತಡಾ ಮಾಡತೈತಿ ನೋಡು. ಇಲ್ಲಾಂದ್ರ ಇದು ಸಿಕ್ಸರ್."

"ಅವ್ವನೂ ಅದ ಟಿ.ವಿ.ಯಾಗ ಆಡತಾಳಲ್ರೀ?"

"ಅವರ ಮಾತ ಬ್ಯಾರೆ. ನಾ ಹೇಳೂದು ತಾಂತ್ರಿಕ ವಿಷಯ."

ಅಂಥದೇ ಒಂದು ಸಂಜೆ ನೀಲಾಂಬಿಕಾ ತಲೆನೋವು ಹಿಡಿದುಕೊಂಡು ಗಂಡನ ಪಕ್ಕದಲ್ಲಿ ಕೂತಿದ್ದಾಗ, ಅವಳ ಕಣ್ಣು ಪರದೆಯ ಬದಲು ಅವನ ಮುಂಗೈ ಮೇಲೆ ಬಿತ್ತು. ಅಂಗಿಯ ತೋಳು ಮಡಚಿದ್ದ. ಹೆಬ್ಬೆರಳು ಬಟನ್ ಒತ್ತುವುದಕ್ಕೆ ತುಸು ಮೊದಲು ಮುಂಗೈಯ ಚರ್ಮದ ಕೆಳಗೆ ಏನೋ ಸಣ್ಣಗೆ ಅಲುಗಿತು, ನೀರಲ್ಲಿ ಮೀನು ತಿರುಗಿದ ಹಾಗೆ. ಇನ್ನೊಂದು ಚೆಂಡು ಬಂತು. ಮತ್ತೆ ಮೊದಲು ಮೀನು, ಆಮೇಲೆ ಬೆರಳು.

ಅವಳ ತಲೆನೋವು ಹೋಯಿತು. ಒತ್ತು ಎಂದು ಮಿದುಳು ಕೊಟ್ಟ ಆಜ್ಞೆ ನರದಲ್ಲಿ ಇಳಿದು ಮುಂಗೈಗೆ ಬಂದು ಸ್ನಾಯುವನ್ನು ಎಬ್ಬಿಸಿದ ಮೇಲಲ್ಲವೇ ಬೆರಳು ಏಳುವುದು? ಆಜ್ಞೆಯನ್ನು ದಾರಿಯಲ್ಲೇ ಹಿಡಿದು ಟಿ.ವಿ.ಗೆ ಕೊಟ್ಟರೆ? ಟಿ.ವಿ. ತನ್ನ ಶೃಂಗಾರವನ್ನು ಅಷ್ಟು ಬೇಗ ಶುರುಮಾಡುತ್ತದೆ. ಬೆರಳು ಬಟನ್ ಮುಟ್ಟುವ ಹೊತ್ತಿಗೆ ಪರದೆಯ ಮೇಲೆ ಬ್ಯಾಟು ಬೀಸಿಯೇ ಇರುತ್ತದೆ.

ಪ್ರಯೋಗಾಲಯದಲ್ಲಿ ಅವಳೂ ಅವಳ ಸಹಾಯಕರೂ ಸೇರಿ ಕೈಗಡಿಯಾರದ ಪಟ್ಟಿಗಿಂತ ತುಸು ಅಗಲದ, ಮುಂಗೈಗೆ ಕಟ್ಟುವ ಒಂದು ಪಟ್ಟಿ ಮಾಡಿದರು. ಅದರ ಒಳಮೈಗೆ ಸಾಸಿವೆಯಷ್ಟು ಸಣ್ಣ ಲೋಹದ ಬಿಂದುಗಳು. ಸ್ನಾಯುವಿನ ಮಿಂಚನ್ನು ಅವು ಕೇಳಿಸಿಕೊಳ್ಳಬೇಕು. ಮೊದಮೊದಲು ಅವು ಬೆರಳಿಗಿಂತ ಕೂದಲೆಳೆಯಷ್ಟೇ ಮುಂದಿದ್ದವು. ಕಿವಿ ಸಾಲದು ಎಂದು ನೀಲಾಂಬಿಕಾ ಅವನ್ನು ಸೂಕ್ಷ್ಮ ಮಾಡುತ್ತ ಹೋದಳು. ಕೂಗಿದ್ದಷ್ಟೇ ಕೇಳುತ್ತಿದ್ದ ಅವಕ್ಕೆ ಆಡಿದ್ದೂ ಕೇಳುವಂತಾಯಿತು, ಕೊನೆಗೆ ಪಿಸುಗುಟ್ಟಿದ್ದೂ ಕೇಳುವಂತಾಯಿತು. ತಡ ಪೂರ್ತಿ ಅಳಿಸಿಹೋಯಿತು.

ತೋಟಪ್ಪ ಸಾಹುಕಾರರು ಪಟ್ಟಿ ಕಟ್ಟಿಕೊಂಡು ಒಂದು ಓವರ್ ಆಡಿ ಎದ್ದು ಕುಣಿದರು. "ಭೇಷ್! ರಿಮೋಟ್ ಯಾಕ ಬೇಕ ಇನ್ನ? ಚಾನೆಲ್ ತಿರುವೂದು, ಆವಾಜ್ ಕಮ್ಮಿ ಮಾಡೂದು, ವಿಡಿಯೋ ಓಡಸೂದು, ಎಲ್ಲಾ ಇದಕ್ಕ ಹಚ್ಚು."

ಎಲ್ಲವನ್ನೂ ಹಚ್ಚಿದಳು. ಒಂದು ಪಟ್ಟಿಯನ್ನು ಪರೀಕ್ಷೆಗೆಂದು ಮನೆಗೂ ಒಯ್ದಳು.

ಮೊದಲ ವಾರ ಗುರುಸಿದ್ದನದು ಸ್ವರ್ಗ. ಬಸಲಿಂಗವ್ವ ಚೆಂಡು ಹಾಕಿ "ಅಳಿಯಾರ, ಚಾ—" ಅನ್ನುವಷ್ಟರಲ್ಲಿ ಚೆಂಡು ಮೈದಾನದ ಆಚೆಗಿರುತ್ತಿತ್ತು.

"ಮಾಡ್ರಿ ಅತ್ತಿಯಾರ. ಸಕ್ಕರಿ ಜರಾ ಮುಂದಾಗಿ ಇರಲಿ," ಎಂದು ಅವನು ಗಂಭೀರವಾಗಿ ಹೇಳುತ್ತಿದ್ದ. ಬಸಲಿಂಗವ್ವ ಬಾಯಿ ಕಟ್ಟಿದವಳ ಹಾಗೆ ನಿಜವಾಗಿಯೂ ಎದ್ದು ಹೋಗಿ ಚಹಾ ಮಾಡಬೇಕಾಗಿ ಬರುತ್ತಿತ್ತು. ಗುರುಸಿದ್ದ ಪಟ್ಟಿಯನ್ನು ಬಿಚ್ಚುವುದನ್ನೇ ಬಿಟ್ಟ. ಊಟಕ್ಕೂ ಅದರ ಜೊತೆಗೇ ಕೂರುತ್ತಿದ್ದ.

ಆ ಭಾನುವಾರ ರಾಚಪ್ಪ ಕಾಕಾ ಬಂದರು. ನೀಲಾಂಬಿಕಾಳ ತಂದೆಯ ತಮ್ಮ. ಬ್ಯಾಡಗಿಯಿಂದ ಒಂದು ಚೀಲ ಮೆಣಸಿನಕಾಯಿ, ಜೊತೆಗೆ ಬಸಲಿಂಗವ್ವನ ಆಪರೇಷನ್ನಿಗೆ ಮೊದಲು ನಡೆದ ತಮ್ಮ ಮಗಳ ಮದುವೆಯ ವಿಡಿಯೋ ತಂದಿದ್ದರು. "ನಿಮ್ಮ ಟಿ.ವಿ.ಯಾಗ ನೋಡಬೇಕವಾ. ಭಾಳ ದೊಡ್ಡದಲ್ಲ, ನಾಲ್ಕೂವರಿ ತಾಸಿಂದು."

ಎಲ್ಲರೂ ಕೂತರು. ವಾರದಲ್ಲಿ ಮೂರು ಮದುವೆ ನಿಂತು ಮಾಡಿಸುವ ಗುರುಸಿದ್ದ, ರಜೆಯ ದಿನ ನಾಲ್ಕನೆಯದಕ್ಕೆ ಕೈಕಟ್ಟಿ ಕೂತ. ಮುಖದಲ್ಲಿ ಕಲ್ಯಾಣಮಂಟಪದ ನಗು. ಪರದೆಯ ಮೇಲೆ ಚಪ್ಪರದ ಕಂಬ ನೆಡುತ್ತಿದ್ದರು.

"ಭಾಳ ಚಂದ ಬಂದೈತ್ರಿ ಕಾಕಾರ," ಎಂದ.

ಅನ್ನುತ್ತಿದ್ದಂತೆಯೇ ಕಂಬ ನೆಡುತ್ತಿದ್ದವರು ಮಾಯವಾಗಿ ಅರಿಶಿಣ ಹಚ್ಚುವುದು ಬಂತು. ಹಚ್ಚುವ ಕೈಗಳು ಗಿರಣಿಯ ಪಟ್ಟಾದಂತೆ ತಿರುಗಿದವು. ಬೀಗರು ಬಸ್ಸಿಳಿದರು, ಹತ್ತಿದರು, ಇಳಿದರು. ಅಕ್ಷತೆ ಬೀಳುವ ಮೊದಲೇ ಮಂದಿ ಊಟ ಮುಗಿಸಿ ಕೈತೊಳೆಯುತ್ತಿದ್ದರು.

"ಏ, ಏ! ತಾಳಿ ಕಟ್ಟಿದ್ದ ಕಾಣಲಿಲ್ಲಲ್ಲೋ!" ಕಾಕಾ ಎದ್ದು ನಿಂತರು. "ಯಾರ ಓಡಸಾಕತ್ತಾರ ಅದನ್ನ?"

"ಯಾರೂ ಮುಟ್ಟಿಲ್ರಿ ಕಾಕಾರ," ಎಂದ ಗುರುಸಿದ್ದ. ಖರೆ ಹೇಳಿದ್ದ, ಅವನ ಬೆರಳು ಅಲುಗಿರಲಿಲ್ಲ. ನೀಲಾಂಬಿಕಾ ಮಾತ್ರ ಅವನ ಮುಂಗೈಯ ಪಟ್ಟಿ ನೋಡಿ ಅರ್ಥಮಾಡಿಕೊಂಡಳು. ಬೆರಳು ಸುಮ್ಮನಿದ್ದರೂ ಆಜ್ಞೆ ಹೊರಟಿತ್ತು. ಹೊರಟ ಆಜ್ಞೆಯನ್ನು ಅವನ ಸಭ್ಯತೆ ಅರ್ಧ ದಾರಿಯಲ್ಲಿ ತಡೆದು ಹಿಂದೆ ಕಳಿಸುತ್ತಿತ್ತು. ಪಟ್ಟಿ ಮಾತ್ರ ಅದಕ್ಕಿಂತ ಮೊದಲೇ ಕೇಳಿಸಿಕೊಂಡುಬಿಡುತ್ತಿತ್ತು.

"ರೀ, ಅದನ್ನ ಬಿಚ್ಚರಿ," ಎಂದು ಪಿಸುಗುಟ್ಟಿದಳು. ಪಿಸುಮಾತು ಬಸಲಿಂಗವ್ವನ ಕಿವಿಗೆ ಬೀಳದೆ ಇರುತ್ತದೆಯೇ? ಏನು ನಡೆಯುತ್ತಿದೆ ಎಂದು ಆಕೆಗೆ ತಕ್ಷಣ ತಿಳಿಯಿತು.

"ಕೊಡ್ರಿ ಇಲ್ಲೆ ಅಳಿಯಾರ. ಮಂದಿ ಮದುವಿ ಹೆಂಗ ನೋಡಬೇಕು ನಾ ತೋರಸ್ತೇನಿ," ಎಂದು ಕಸಿದು ಕಟ್ಟಿಕೊಂಡಳು. ವಿಡಿಯೋ ನೆಟ್ಟಗಾಯಿತು. ಬಸಲಿಂಗವ್ವ ಹೆಮ್ಮೆಯಿಂದ ಸುತ್ತ ನೋಡಿದಳು. ಅಷ್ಟರಲ್ಲಿ ಪರದೆಯ ಮೇಲೆ ನೇರಳೆ ಇಳಕಲ್ ಸೀರೆಯುಟ್ಟ ಬಸಲಿಂಗವ್ವನೇ ಬಂದಳು. ವಿಡಿಯೋ ಅಲ್ಲೇ ನಿಂತಿತು. ಮುಂದೆ ಹೋಗದು. ಹಿಂದೆ ಹೋಗಿ ಮತ್ತೆ ಅದೇ ಸೀರೆ ನಡೆದು ಬಂತು. ಮೂರನೆಯ ಸಲ ಸೀರೆಯ ಸೆರಗು ಗೋಡೆ ತುಂಬ ದೊಡ್ಡದಾಯಿತು.

"ಮಿಷನ್ ಕೆಟ್ಟೈತಿ," ಎಂದು ಆಕೆ ಪಟ್ಟಿ ಬಿಚ್ಚಿ ಮಗಳ ತೊಡೆಯ ಮೇಲೆ ಒಗೆದಳು. ಗುರುಸಿದ್ದ ಕೆಮ್ಮುತ್ತ ಹೊರಗೆ ಹೋಗಿ, ಬಾಗಿಲ ಆಚೆ ಹೊಟ್ಟೆ ಹಿಡಿದು ನಕ್ಕು, ಮುಖ ಒರೆಸಿಕೊಂಡು ಒಳಗೆ ಬಂದ.

ಕಾಕಾಗೆ ರೋಷ ಬಂದಿತ್ತು. "ಯಾರಿಗೂ ನನ್ನ ಮಗಳ ಮದುವಿ ನೋಡಾಕ ಮನಸಿಲ್ಲ. ತಾ ಇಲ್ಲೆ, ನಾ ಕಟ್ಟಿಕೊಂತೇನಿ. ಸುರುವಿನಿಂದ ಕಡೀತನಕ ಒಂದೂ ಬಿಡದ ನೋಡತೇನಿ."

ಕಟ್ಟಿಕೊಂಡರು. ಚಪ್ಪರ, ಅರಿಶಿಣ, ತಾಳಿ, ಊಟ, ಒಂದೂ ಬಿಡಲಿಲ್ಲ. ಮಗಳು ಕಾರು ಹತ್ತುವ ಹೊತ್ತು ಬಂತು. ಅವಳು ಬಾಗಿಲಿಗೆ ಕೈ ಹಾಕಿದ್ದೇ ತಡ, ವಿಡಿಯೋ ಓಡೋಡಿ ಹಿಂದೆ ಬಂದು ಅರಿಶಿಣದ ಹತ್ತಿರ ನಿಂತಿತು. ಮತ್ತೆ ತಾಳಿ, ಊಟ, ಕಾರು; ಮತ್ತೆ ಅರಿಶಿಣ. ಹುಡುಗಿಗೆ ಕಾರು ಹತ್ತಲು ಆಗಲೇ ಇಲ್ಲ.

"ನಾ ಏನೂ ಮಾಡಿಲ್ಲ," ಎಂದರು ಕಾಕಾ.

ಬಸಲಿಂಗವ್ವ ಎದ್ದು, ಕುಂಟುತ್ತ ಹೋಗಿ, ಮೈದುನನ ಕೈಯಿಂದ ಪಟ್ಟಿಯನ್ನು ತಾನೇ ಬಿಚ್ಚಿದಳು. "ಸಾಕ್ ಬಿಡ ರಾಚಪ್ಪ. ಹುಡುಗಿ ಅಲ್ಲೆ ಚಂದಾಗಿ ಅದಾಳ. ನಿನ್ನೆನ ಫೋನ್ ಮಾಡಿದ್ಲಲ್ಲ."

ಮರುದಿನ ನೀಲಾಂಬಿಕಾ ತೋಟಪ್ಪ ಸಾಹುಕಾರರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಮನಸ್ಸು ಹಿಂತೆಗೆದುಕೊಂಡ ಆಜ್ಞೆ ಯಾವುದು, ನಿಜವಾದದ್ದು ಯಾವುದು ಎಂದು ತಿಳಿಯಲು ಪಟ್ಟಿ ತುಸು ಕಾಯಬೇಕು. ಎಷ್ಟು ಕಾಯಬೇಕು ಎಂದು ಬೆಳಿಗ್ಗೆಯಿಂದ ಅಳೆದು ನೋಡಿದ್ದಳು. ಹೆಚ್ಚುಕಡಿಮೆ ಅರ್ಧ ರೆಪ್ಪೆ.

"ಅಂದ್ರ ಮೊದಲಿದ್ದಷ್ಟ ತಡಾ?"

"ಹೌದ್ರಿ ಸಾವ್ಕಾರ್ರ. ಮನಶ್ಯಾ ಮನಸ ಬದಲ ಮಾಡಾಕ ಅಷ್ಟ ಹೊತ್ತ ಬೇಕಾಗತೈತಿ. ಅದನ್ನ ತಗದ್ರ ಇದು ಮಾರೂವಂಥ ಸಾಮಾನಲ್ಲ."

ಸಾಹುಕಾರರು ನಕ್ಕರು. "ಮದುವಿ ವಿಡಿಯೋಕ್ಕ ಬ್ಯಾಡ ಬಿಡು. ಆಟಕ್ಕಷ್ಟ ಇಡೂಣು. ಆಟದಾಗ ಎಲ್ಲಾರೂ ಗೆಲ್ಲಾಕ ನೋಡತಾರ. ಅಲ್ಲೆ ಮುಚ್ಚಿಡೂದು ಏನಿರತೈತಿ? ನಾಳೆ ಅಪ್ಪಾಸಾಹೇಬ್ರು ಬರಾಕತ್ತಾರ. ನಾನ ಅವರ ಕೂಡ ಆಡತೇನಿ."

ಅಪ್ಪಾಸಾಹೇಬರು ಬಂದರು. ಬೆಳ್ಳಗೆ ಗಂಜಿ ಹಾಕಿದ ಧೋತರ, ಹುರಿ ಮೀಸೆ, ಹಿಂದೆ ಮ್ಯಾನೇಜರ್ ಧರೆಣ್ಣ. ಕೇರಂ ಇರಲಿ, ಇಸ್ಪೀಟು ಇರಲಿ, ತಾವು ಇವತ್ತಿನ ತನಕ ಸೋತಿಲ್ಲ ಎಂದು ಕೂರುವ ಮೊದಲೇ ಹೇಳಿದರು. ಧರೆಣ್ಣ "ಖರೆ ಐತ್ರಿ" ಎಂದು ತಲೆಯಾಡಿಸಿದ.

ತೋಟಪ್ಪ ಸಾಹುಕಾರರು ನೀಲಾಂಬಿಕಾಳ ಕಿವಿಯಲ್ಲಿ, "ಸೋತ ಬಿಡತೇನಿ. ಖುಷಿಯಾಗಿ ಸಹಿ ಹಾಕ್ಲಿ," ಎಂದರು.

"ಸಾವ್ಕಾರ್ರ, ಬ್ಯಾಡ್ರಿ! ಹಂಗಾರ ಪಟ್ಟಿ ಕಟ್ಟಬ್ಯಾಡ್ರಿ—" ಎನ್ನುವಷ್ಟರಲ್ಲಿ ಅವರು ಕೂತಾಗಿತ್ತು.

ಅಪ್ಪಾಸಾಹೇಬರ ಮೊದಲ ಚೆಂಡು ಬಲು ಮೆತ್ತಗೆ ಬಂತು. ಎಳೆಯ ವಯಸ್ಸಿನಲ್ಲಿ ನೆಹರೂ ಮೈದಾನದಲ್ಲಿ ಆಡಿದ್ದ ತೋಟಪ್ಪನವರ ಒಳಗಿನ ಆಟಗಾರ ಒಮ್ಮೆ ಮಿಸುಕಿದ. ವ್ಯಾಪಾರಿ ಅವನನ್ನು ಹಿಡಿದು ಕೂರಿಸಿದ. ಬೆರಳು ಅಲುಗಲಿಲ್ಲ. ಪರದೆಯ ಮೇಲೆ ಬ್ಯಾಟು ಬೀಸಿತು, ಸಿಕ್ಸರ್.

"ಕೈತಪ್ಪಿ ಹೋತ್ರಿ," ಎಂದರು ಸಾಹುಕಾರರು.

ಎರಡನೆಯದೂ ಕೈತಪ್ಪಿತು. ಮೂರನೆಯದಕ್ಕೆ ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು. ಅದು ಅಪ್ಪಾಸಾಹೇಬರ ಬೌಲರನ ತಲೆಯ ಮೇಲಿಂದ ಹೋಯಿತು. ಆರನೆಯ ಚೆಂಡಿಗೆ ಅವರು ಕಣ್ಣುಮುಚ್ಚಿ ಜಪ ಮಾಡುತ್ತಿದ್ದರು. ಚೆಂಡು ಸಿಗಲೇ ಇಲ್ಲ, ಸ್ಟೇಡಿಯಂ ಆಚೆ ಬಿತ್ತು.

ಅಪ್ಪಾಸಾಹೇಬರ ಮೀಸೆ ನಡುಗಿತು. "ಕೈ ತೊಡಿ ಕೆಳಗಿಟ್ಟು ಹೆಂಗ ಹೊಡದ್ರಿ?"

ಸಾಹುಕಾರರು ಎರಡೂ ಕೈಗಳನ್ನು ಮೆಲ್ಲಗೆ ಹೊರಗೆ ತೆಗೆದರು. ನೀಲಾಂಬಿಕಾ ಮುಂದೆ ಬಂದು ಪಟ್ಟಿ ಏನು ಕೇಳಿಸಿಕೊಳ್ಳುತ್ತದೆ ಎಂದು ಇದ್ದದ್ದು ಇದ್ದಂತೆ ಹೇಳಿಬಿಟ್ಟಳು. ಎರಡನೇ ಪಾಳಿಯ ಹೆಣ್ಣುಮಕ್ಕಳ ಮುಖ ಕಣ್ಣ ಮುಂದೆ ಬಂತು. ಆದರೂ ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ.

ಅಪ್ಪಾಸಾಹೇಬರು ಸಾಹುಕಾರರ ಮುಂಗೈಯ ಪಟ್ಟಿಯನ್ನು ಬಗ್ಗಿ ನೋಡಿದರು. "ಅಂದ್ರ ಇವರು ಸೋಲಾಕ ನೋಡಿದ್ರು. ಪಟ್ಟಿ ಬಿಡಲಿಲ್ಲ." ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿದರು. "ಧರೆಣ್ಣ, ನೀ ಕಟ್ಟಿಕೋ."

ಧರೆಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ನನಗ ಆಟ ಬರೂದಿಲ್ರಿ ಯಜಮಾನ್ರ. ಹದಿನೆಂಟ ವರ್ಷದಿಂದ ನಿಮಗ ಗೊತ್ತೈತಲ್ರಿ."

"ಕಟ್ಟಿಕೋ ಅಂದೆ."

ಧರೆಣ್ಣ ಹದಿನೆಂಟು ವರ್ಷದ ಲೆಕ್ಕವನ್ನು ಎರಡು ಓವರಿನಲ್ಲಿ ತೀರಿಸಿದ. ಒಂದೊಂದು ಸಿಕ್ಸರಿಗೂ "ತಪ್ಪಾತ್ರಿ ಯಜಮಾನ್ರ" ಎಂದು ಅಳುಮುಖ ಮಾಡುತ್ತಿದ್ದ. ಮುಂದಿನ ಚೆಂಡು ಇನ್ನೂ ದೂರ ಹೋಗುತ್ತಿತ್ತು. ಅಪ್ಪಾಸಾಹೇಬರು ಬೆವರಿ ತಲೆಯ ರುಮಾಲು ಬಿಚ್ಚಿಟ್ಟರು.

"ಈ ಪಟ್ಟಿ ನನ್ನ ಅಂಗಡಿಯಾಗ ಇಡೂದಿಲ್ಲ," ಎಂದರು ಕೊನೆಗೆ. "ಇದನ್ನ ಮಾರಿದ್ರ ಊರಾಗ ಬೀಗರ ಮನಿಗೆ ಬೀಗರು ಹೋಗೂದಿಲ್ಲ. ಆದ್ರ ನಾ ಈಗ ಇಂವನ್ನ ಖರೆ ಖರೆ ಸೋಲಸಬೇಕು. ಪಟ್ಟಿ ಇಲ್ಲದ. ಟಿ.ವಿ. ತಡಾ ಮಾಡಬಾರದು. ಏನರ ಐತೇನ ನಿಮ್ಮ ಕಡೆ?"

ನೀಲಾಂಬಿಕಾ ಸಾಹುಕಾರರ ಮುಖ ನೋಡಲಿಲ್ಲ. ನೇರ ಟಿ.ವಿ.ಯ ಹಿಂಬದಿಗೆ ಹೋಗಿ, ಬಣ್ಣ ಹಚ್ಚುವುದು, ಅಂಚು ತೀಡುವುದು, ಊಹೆಯ ಚಿತ್ರ ಸೇರಿಸುವುದು ಎಲ್ಲವನ್ನೂ ಆರಿಸಿಬಿಟ್ಟಳು. ಚಿತ್ರ ಮಬ್ಬಾಯಿತು, ಹುಲ್ಲಿನ ಹಸಿರು ಮಾಸಿತು. ತೋಟಪ್ಪ ಸಾಹುಕಾರರು ಕಣ್ಣು ಮುಚ್ಚಿಕೊಂಡರು.

ಅಪ್ಪಾಸಾಹೇಬರು ಒತ್ತಿದರು. ಬ್ಯಾಟು ತಟಕ್ಕನೆ ಬೀಸಿತು.

"ಹಾಂ!" ಎಂದರು. "ಇದು ಮಾತ ಕೇಳತೈತಿ!"

"ಚಿತ್ರ ಸ್ವಲ್ಪ ಮಬ್ಬ ಆಗೇತ್ರಿ..." ಎಂದು ಸಾಹುಕಾರರು ಸಣ್ಣ ದನಿಯಲ್ಲಿ ತೊದಲಿದರು.

"ಯಾವ ಚಿತ್ರ?" ಎಂದರು ಅಪ್ಪಾಸಾಹೇಬರು ಕಣ್ಣು ಕೀಳದೆ. ಅವರು ಚೆಂಡನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. "ಹಾಕೋ ಧರೆಣ್ಣ. ಬಿಟ್ಟುಕೊಟ್ಟಿ ಅಂದ್ರ ಕೆಲಸದಿಂದ ತಗದ ಹಾಕ್ತೇನಿ."

ಅವರು ಸಂಜೆಯ ತನಕ ಸೋತರು. ಒಂದು ಸಲ ಗೆದ್ದರು. ಗೆದ್ದಾಗ ಎದ್ದು ನಿಂತು ಹಾಕಿದ ಕೇಕೆಗೆ ಎರಡನೇ ಪಾಳಿಯವರೆಲ್ಲ ಕೆಲಸ ಬಿಟ್ಟು ಕಿಟಕಿಗೆ ಬಂದು ನೋಡಿದರು. ಟಿ.ವಿ. ಖರೀದಿಯ ಕಾಗದಕ್ಕೆ ಸಹಿ ಹಾಕುವಾಗಲೂ ಧರೆಣ್ಣನಿಗೆ ಆ ಒಂದು ಗೆಲುವಿನ ಕಥೆಯನ್ನೇ ಹೇಳುತ್ತಿದ್ದರು. ಆ ವಾರವೇ ಪ್ರತಿ ದಿವ್ಯದೃಷ್ಟಿಗೂ 'ಆಟಕ್ಕೆ' ಎಂಬ ಹೊಸ ಬಟನ್ ಬಂತು. ಅದು ತಮ್ಮದೇ ವಿಚಾರ ಎಂದು ತೋಟಪ್ಪ ಸಾಹುಕಾರರು ಎಲ್ಲರ ಹತ್ತಿರವೂ ಹೇಳಿಕೊಂಡರು. ಸ್ವಲ್ಪ ದಿನಕ್ಕೆ ನೀಲಾಂಬಿಕಾಳ ಹತ್ತಿರವೂ ಹೇಳಿದರು.

ಪಟ್ಟಿಗಳನ್ನೆಲ್ಲ ಬಿಚ್ಚಿ ಹಾಕುವುದೆಂದು ತೀರ್ಮಾನವಾಯಿತು. ಮನೆಯಲ್ಲಿದ್ದದ್ದನ್ನೂ ವಾಪಸ್ ಒಯ್ಯಬೇಕಿತ್ತು. ಅದರ ಹಿಂದಿನ ಸಂಜೆಯ ಮಾತು. ಬಸಲಿಂಗವ್ವ ಮೊಣಕಾಲು ಗುಣವಾಗಿ ಊರಿಗೆ ಹೋಗಿದ್ದಳು. ಮನೆ ಖಾಲಿ ಖಾಲಿ ಅನಿಸುತ್ತಿತ್ತು. ಗಂಡಹೆಂಡತಿ ಇಬ್ಬರೂ ದಿನದಂತೆ ಟಿ.ವಿ. ಹಚ್ಚಿಕೊಂಡು ಅದರ ಮುಂದೆ ಕೂತಿದ್ದರು. ಯಾವುದೋ ಸಮುದ್ರದ ತಳ, ಬಣ್ಣಬಣ್ಣದ ಮೀನು.

"ನೀಲಾ, ನೀ ಒಮ್ಮೆನೂ ಇದನ್ನ ಕಟ್ಟಿಕೊಂಡಿಲ್ಲಲ್ಲ," ಎಂದ ಗುರುಸಿದ್ದ ಪಟ್ಟಿ ಎತ್ತಿ ತೋರಿಸಿ. "ನಮ್ಮೆಲ್ಲಾರ ಮಾನ ಕಳದಿ. ಈಗ ನಿನ್ನ ಪಾಳಿ."

"ನನಗೇನ ಅಂಜಿಕಿ?" ಎಂದು ಕೈ ಚಾಚಿದಳು. ಅವನು ಕಟ್ಟಿದ.

ಟಿ.ವಿ. ಆರಿತು.

ಗುರುಸಿದ್ದ ಹಚ್ಚಿದ. ಮೀನು ಒಂದು ಬಾಲ ಬಡಿಯುವಷ್ಟರಲ್ಲಿ ಮತ್ತೆ ಆರಿತು. ಎದ್ದು ವೈರು ನೋಡಿದ, ಬೋರ್ಡು ನೋಡಿದ, ಮತ್ತೆ ಹಚ್ಚಿದ. ಆರಿತು. ಆಮೇಲೆ ತಿರುಗಿ ಹೆಂಡತಿಯ ಮುಖ ನೋಡಿದ. ಇಡೀ ದಿನ ಟಿ.ವಿ.ಯ ಒಳಗೇ ಇದ್ದು ಬಂದು ಸಂಜೆ ಮತ್ತೆ ಅದರ ಎದುರಿಗೆ ಕೂರುವವಳ ಮುಖ ಕೆಂಪಾಗಿತ್ತು.

"ಎಷ್ಟ ದಿವಸದಿಂದ?" ಎಂದು ಕೇಳಿದ.

"ಭಾಳ ದಿವಸ ಆತ್ರಿ," ಎಂದಳು. "ನಿಮಗ ಬೇಕಾಗಿರತೈತಿ ಅಂತ ಸುಮ್ಮನಿದ್ದೆ."

"ನಾ ನಿನಗ ಬೇಕಾಗಿರತೈತಿ ಅಂತ ಹಚ್ಚತಿದ್ದೆ."

ಕಪ್ಪು ಪರದೆಯಲ್ಲಿ ಸೋಫಾದ ಮೇಲೆ ಕೂತ ಇಬ್ಬರು ಕಾಣುತ್ತಿದ್ದರು. ದಿನವೆಲ್ಲ ಊರಿನ ಬೀಗರನ್ನೆಲ್ಲ ಮಾತಾಡಿಸುವ ಗುರುಸಿದ್ದನಿಗೆ ಈಗ ಮಾತು ಎಲ್ಲಿಂದ ಶುರುಮಾಡುವುದೆಂದೇ ತಿಳಿಯಲಿಲ್ಲ.

"ಇವತ್ತ ನಮ್ಮ ಮಂಟಪದಾಗ ಮದುಮಗ ಕುದರಿ ಮ್ಯಾಲಿಂದ ಬಿದ್ದ."

ನೀಲಾಂಬಿಕಾ ಕಾಲು ಮಡಚಿಕೊಂಡು ಅವನ ಕಡೆಗೆ ತಿರುಗಿ ಕೂತಳು.

"ಮೊದಲಿಂದ ಹೇಳ್ರಿ," ಎಂದಳು. "ಏನೂ ಬಿಡಬ್ಯಾಡ್ರಿ."